ವೇಗಕ್ಕೊಂದು ಪರಿಮಾಣ ಬೇಡವೇ?

ಜಮೆಯ ಪುಟವನ್ನು ಮಾತ್ರ ಓದಿ, ಖರ್ಚಿನ ಪುಟವನ್ನು ಅಂಗೈಯಿಂದ ಮುಚ್ಚಿಕೊಳ್ಳುವ ವರ್ತಕನು ಎಷ್ಟು ದಿವಸ ಅಂಗಡಿಯನ್ನು ತೆರೆದಿಟ್ಟಾನು? ಕಿರಾಣಿ ವ್ಯಾಪಾರದಲ್ಲಿ ಯಾರೂ ಮಾಡದ ಈ ತಪ್ಪನ್ನು ಗಣಕಯಂತ್ರ ಕೊಳ್ಳುವಾಗ ಸುಶಿಕ್ಷಿತರು ಸಹ ನಿಸ್ಸಂಕೋಚವಾಗಿ ಮಾಡುತ್ತಿದ್ದಾರೆ. ಪ್ರೊಸೆಸರ್ ಎಷ್ಟು ಗಿಗಾಹರ್ಟ್ಸ್, ಎಷ್ಟು ಕೋರ್ ಎಂದು ಕೇಳುವವರು ನೂರು ಮಂದಿ. ಅದು ಎಷ್ಟು ವಿದ್ಯುತ್ತನ್ನು ತಿನ್ನುತ್ತದೆ, ಎಷ್ಟು ಶಾಖವನ್ನು ಕಾರುತ್ತದೆ, ಆ ಶಾಖವನ್ನು ಹೊರದೂಡಲು ಫ್ಯಾನು ಎಷ್ಟು ಗದ್ದಲ ಮಾಡುತ್ತದೆ ಎಂದು ಕೇಳುವವರು ಒಬ್ಬರೂ ಸಿಗುವುದು ಕಷ್ಟ. ವೇಗವು ಜಮೆ; ಶಾಖ, ಶಬ್ದ, ವಿದ್ಯುತ್ತು ಖರ್ಚು. ಒಂದು ಪುಟವಿಲ್ಲದೆ ಇನ್ನೊಂದು ಪುಟವಿಲ್ಲ. ಹೀಗಿದ್ದರೂ ತಯಾರಕರು ಮೊದಲನೆಯದನ್ನು ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಮುದ್ರಿಸಿ, ಎರಡನೆಯದನ್ನು ತಾಂತ್ರಿಕ ವಿವರಗಳ ಮೂಲೆಯಲ್ಲಿ ಅಡಗಿಸುತ್ತಾರೆ. ಕೊಳ್ಳುವವರು ಅದನ್ನು ಹುಡುಕಿ ಓದುವ ಶ್ರಮವನ್ನೂ ತೆಗೆದುಕೊಳ್ಳುವುದಿಲ್ಲ.

ವೇಗವೇ ದೋಷವೆಂದು ಇಲ್ಲಿ ವಾದಿಸುತ್ತಿಲ್ಲ. ಕೆಲಸಕ್ಕೆ ಬೇಕಾದಷ್ಟು ವೇಗ ಉಪಕಾರಿಯೇ ಸರಿ. ಆದರೆ ವೇಗದ ಕೊನೆಯ ಒಂದು ಸಣ್ಣ ಪಾಲನ್ನು ಪಡೆಯಲು ಇಮ್ಮಡಿ ವಿದ್ಯುತ್ತನ್ನು ಸುಡುವುದು, ಅದನ್ನೇ ಯಂತ್ರದ ಸಹಜಸ್ಥಿತಿಯೆಂದು ಮಾರುವುದು, ಅದನ್ನೇ ಹೆಮ್ಮೆಯೆಂದು ಕೊಳ್ಳುವುದು, ಈ ಮೂರೂ ವಿವೇಕಕ್ಕೆ ವಿರುದ್ಧವಾದ ನಡತೆಗಳು. ಇದಕ್ಕೆ ಆಧಾರ ಭಾವನೆಯಲ್ಲ, ಗಣಿತ.

ಚಿಪ್ಪಿನೊಳಗಣ ಲೆಕ್ಕ

ಪ್ರೊಸೆಸರ್ ಎಂಬುದು ಕೋಟ್ಯಂತರ ಅತಿಸೂಕ್ಷ್ಮ ಸ್ವಿಚ್ಚುಗಳ ಸಮೂಹ. ಪ್ರತಿಯೊಂದು ಸ್ವಿಚ್ಚು ತೆರೆದು ಮುಚ್ಚುವಾಗಲೂ ಸ್ವಲ್ಪ ವಿದ್ಯುದಾವೇಶವನ್ನು ತುಂಬಬೇಕು, ಚೆಲ್ಲಬೇಕು. ಹಾಗೆ ಚೆಲ್ಲಿದ್ದೆಲ್ಲವೂ ಶಾಖವಾಗುತ್ತದೆ. ಒಂದು ಸೆಕೆಂಡಿನಲ್ಲಿ ಎಷ್ಟು ಬಾರಿ ಈ ಕ್ರಿಯೆ ನಡೆಯುತ್ತದೆಯೋ ಅಷ್ಟು ಪಟ್ಟು ವ್ಯಯ. ಇಷ್ಟೇ ಆಗಿದ್ದರೆ ದೂರಲು ಕಾರಣವಿರಲಿಲ್ಲ. ಹತ್ತರಷ್ಟು ಹೆಚ್ಚು ವೇಗಕ್ಕೆ ಹತ್ತರಷ್ಟು ಹೆಚ್ಚು ಬೆಲೆ ಎಂಬುದು ನ್ಯಾಯವಾದ ವ್ಯಾಪಾರವೇ. ಆದರೆ ಸ್ವಿಚ್ಚುಗಳು ಇನ್ನೂ ಬೇಗ ಚಲಿಸಬೇಕಾದರೆ ಅವುಗಳಿಗೆ ಕೊಡುವ ವೋಲ್ಟೇಜನ್ನೂ ಏರಿಸಬೇಕು. ವ್ಯಯವು ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ತೊಡಕು ಇರುವುದು ಇಲ್ಲಿಯೇ.

ಒಂದು ಉದಾಹರಣೆಯಿಂದ ಇದು ಸ್ಪಷ್ಟವಾದೀತು. ವೇಗವನ್ನು ಶೇಕಡಾ 10ರಷ್ಟು ಏರಿಸಲು ವೋಲ್ಟೇಜನ್ನೂ ಶೇಕಡಾ 10ರಷ್ಟು ಏರಿಸಬೇಕಾಯಿತೆಂದು ಇಟ್ಟುಕೊಳ್ಳೋಣ. 1.1ನ್ನು 1.1ರಿಂದ ಎರಡು ಸಲ ಗುಣಿಸಿದಂತೆ ವ್ಯಯವು 1.33 ಪಟ್ಟಾಗುತ್ತದೆ. ಹತ್ತರಷ್ಟು ಲಾಭಕ್ಕೆ ಮೂವತ್ತಮೂರರಷ್ಟು ಖರ್ಚು. ವೇಗವನ್ನು ಶೇಕಡಾ 20ರಷ್ಟು ಏರಿಸಿದರೆ ವ್ಯಯ 1.73 ಪಟ್ಟು. ಮೇಲೇರಿದಷ್ಟೂ ಮೆಟ್ಟಿಲು ಕಡಿದಾಗುತ್ತ ಹೋಗುತ್ತದೆ. ಇದೇ ಗಣಿತವನ್ನು ತಿರುಗಿಸಿ ಓದಿದರೆ ಒಂದು ಶುಭವಾರ್ತೆಯೂ ಇದೆ: ಮೇಲಿನ ಒಂದೆರಡು ಮೆಟ್ಟಿಲು ಇಳಿಯಲು ಒಪ್ಪಿದವರಿಗೆ ವೇಗದಲ್ಲಿ ಆಗುವ ನಷ್ಟ ಅಲ್ಪ, ವ್ಯಯದಲ್ಲಿ ಆಗುವ ಉಳಿತಾಯ ಬಹಳ.

ಒಮ್ಮೆ ಕಲಿತ ಪಾಠ

ಈ ಸತ್ಯವು ಬಹುಕಾಲ ಕಣ್ಣಿಗೆ ಬೀಳದಿರಲು ಒಂದು ಕಾರಣವಿತ್ತು. 1974ರಲ್ಲಿ ಐ.ಬಿ.ಎಂ. ಸಂಸ್ಥೆಯ ರಾಬರ್ಟ್ ಡೆನಾರ್ಡ್ ಮತ್ತು ಅವರ ಸಹೋದ್ಯೋಗಿಗಳು ಒಂದು ತತ್ತ್ವವನ್ನು ಪ್ರಕಟಿಸಿದರು. ಸ್ವಿಚ್ಚುಗಳನ್ನು ಕಿರಿದಾಗಿಸಿದಂತೆ ವೋಲ್ಟೇಜನ್ನೂ ಅದೇ ಪ್ರಮಾಣದಲ್ಲಿ ಇಳಿಸಬಹುದು. ಆಗ ವೇಗ ಏರಿದರೂ ಚಿಪ್ಪಿನ ಪ್ರತಿ ಚದರಳತೆಯ ಶಾಖ ಏರುವುದಿಲ್ಲ ಎಂಬುದು ಅದರ ಸಾರಾಂಶ. ಸುಮಾರು ಮೂರು ದಶಕಗಳ ಕಾಲ ಉದ್ಯಮವು ಈ ತತ್ತ್ವದ ನೆರಳಿನಲ್ಲಿ ಬೆಳೆಯಿತು. ವೇಗವು ಬಿಟ್ಟಿಯಾಗಿ ಸಿಗುತ್ತದೆಂಬ ಭ್ರಮೆ ಜನರಲ್ಲಿ ನೆಲೆಯೂರಿತು. ಆದರೆ ಸ್ವಿಚ್ಚುಗಳು ಅತಿಸೂಕ್ಷ್ಮವಾದಾಗ, ಮುಚ್ಚಿದ ಸ್ಥಿತಿಯಲ್ಲಿಯೂ ಅವುಗಳ ಮೂಲಕ ವಿದ್ಯುತ್ತು ಸೋರತೊಡಗಿತು. ವೋಲ್ಟೇಜನ್ನು ಇನ್ನೂ ಇಳಿಸುವುದು ಅಸಾಧ್ಯವಾಯಿತು. ಈ ಶತಮಾನದ ಆರಂಭದ ವರ್ಷಗಳಲ್ಲಿ ಬಿಟ್ಟಿ ಊಟ ಮುಗಿಯಿತು.

ಅದೇ ಹೊತ್ತಿನಲ್ಲಿ ಪಂದ್ಯದ ಹುಚ್ಚು ತುದಿಗೇರಿತ್ತು. 2000ದ ಮಾರ್ಚ್ ತಿಂಗಳಲ್ಲಿ ಎ.ಎಂ.ಡಿ. ಸಂಸ್ಥೆಯು 1 ಗಿಗಾಹರ್ಟ್ಸ್‌ನ ಪ್ರೊಸೆಸರನ್ನು ಮಾರುಕಟ್ಟೆಗೆ ತಂದ ಎರಡೇ ದಿನಗಳಲ್ಲಿ ಇಂಟೆಲ್ ತನ್ನದನ್ನು ಪ್ರಕಟಿಸಿತು. ಮುನ್ನುಗ್ಗುವ ಆತುರದಲ್ಲಿ ಅದೇ ವರ್ಷದ ಜುಲೈ ಕೊನೆಗೆ ಇಂಟೆಲ್ ಹೊರತಂದ 1.13 ಗಿಗಾಹರ್ಟ್ಸ್‌ನ ಪೆಂಟಿಯಂ 3, ಸ್ಥಿರವಾಗಿ ಕೆಲಸ ಮಾಡದೆಂದು ಪರೀಕ್ಷಕರು ತೋರಿಸಿಕೊಟ್ಟ ಮೇಲೆ, ಆಗಸ್ಟ್ ಕೊನೆಯ ವೇಳೆಗೆ ಹಿಂದಕ್ಕೆ ಹೋಯಿತು. ಬಳಿಕ ನವೆಂಬರಿನಲ್ಲಿ ಬಂದದ್ದು ಪೆಂಟಿಯಂ 4. ಇದರ ರಚನೆಯಲ್ಲಿ ಪ್ರತಿಯೊಂದು ಕೆಲಸವನ್ನು 20 ಸಣ್ಣ ಹಂತಗಳಾಗಿ ಕತ್ತರಿಸಲಾಗಿತ್ತು. 2004ರ ಪ್ರೆಸ್ಕಾಟ್ ಎಂಬ ರೂಪದಲ್ಲಿ ಹಂತಗಳು 31ಕ್ಕೇರಿದವು. ಹಂತ ಸಣ್ಣದಾದಷ್ಟೂ ಗಿಗಾಹರ್ಟ್ಸ್ ಅಂಕಿ ದೊಡ್ಡದಾಗುತ್ತದೆ, ಆದರೆ ಪ್ರತಿ ಹಂತದಲ್ಲಿ ಆಗುವ ಕೆಲಸವೂ ಅಷ್ಟೇ ಕಡಿಮೆಯಾಗುತ್ತದೆ. ಗಲ್ಲಾಪೆಟ್ಟಿಗೆಯಲ್ಲಿರುವ ನಾಣ್ಯಗಳ ಸಂಖ್ಯೆಯನ್ನು ಎಣಿಸಿ, ಅವು ಪಾವಲಿಯೋ ರೂಪಾಯಿಯೋ ಎಂದು ನೋಡದೆ ಶ್ರೀಮಂತನಾದೆನೆಂದು ಬೀಗಿದಂತಾಯಿತು ಇದು.

ಎಚ್ಚರಿಕೆ ಸಿಕ್ಕಿರಲಿಲ್ಲವೆಂದಲ್ಲ. 2001ರಲ್ಲಿ ಇಂಟೆಲ್ ಸಂಸ್ಥೆಯದೇ ಹಿರಿಯ ತಂತ್ರಜ್ಞ ಪ್ಯಾಟ್ ಗೆಲ್ಸಿಂಗರ್, ಇದೇ ಓಟ ಮುಂದುವರಿದರೆ ಚಿಪ್ಪಿನ ಶಾಖಸಾಂದ್ರತೆಯು ಮೊದಲು ಅಣುಸ್ಥಾವರಕ್ಕೆ, ಅನಂತರ ರಾಕೆಟ್ಟಿನ ಬಾಯಿಗೆ, ಕೊನೆಗೆ ಸೂರ್ಯನ ಮೇಲ್ಮೈಗೆ ಸಮಾನವಾದೀತೆಂದು ತಜ್ಞರ ಸಮ್ಮೇಳನದಲ್ಲಿ ಹೇಳಿದ್ದರು. ಆದರೂ ಓಟ ನಿಲ್ಲಲಿಲ್ಲ. 2004ರ ಮೇ ತಿಂಗಳಲ್ಲಿ, ಮುಂದಿನ ಪೀಳಿಗೆಯೆಂದು ಯೋಜಿಸಿದ್ದ ಪೆಂಟಿಯಂ 4ರ ಉತ್ತರಾಧಿಕಾರಿಯನ್ನು ಸಂಸ್ಥೆಯು ಕೈಬಿಟ್ಟಿತು. ಅಕ್ಟೋಬರಿನಲ್ಲಿ 4 ಗಿಗಾಹರ್ಟ್ಸ್‌ನ ಪೆಂಟಿಯಂ 4 ಬರುವುದಿಲ್ಲವೆಂದು ಸಾರಿತು. ಆಗಿನ ಮುಖ್ಯಸ್ಥ ಕ್ರೇಗ್ ಬ್ಯಾರೆಟ್, ಸಾವಿರಾರು ಜನರ ಸಭೆಯಲ್ಲಿ ವೇದಿಕೆಯ ಮೇಲೆ ಮಂಡಿಯೂರಿ ಇದಕ್ಕಾಗಿ ಕ್ಷಮೆ ಕೋರಿದರು. ವಿನೋದಕ್ಕೆಂದು ಮಾಡಿದ್ದಾದರೂ ಆ ದೃಶ್ಯದಲ್ಲಿ ದೊಡ್ಡ ಅರ್ಥವಿತ್ತು. 115 ವಾಟ್ ಸುಡುವ 3.8 ಗಿಗಾಹರ್ಟ್ಸ್‌ನ ಮೆಟ್ಟಿಲಿನಲ್ಲಿ ಪೆಂಟಿಯಂ 4ರ ಏರಾಟ ಮುಗಿದಿತ್ತು.

ಪರಿಹಾರ ದೊರೆತದ್ದು ವೇಗಪಂದ್ಯದ ಅಖಾಡದಿಂದಲ್ಲ. ಇಸ್ರೇಲಿನ ಹೈಫಾ ನಗರದ ತಂಡವೊಂದು ಮಡಿಲಗಣಕಗಳಿಗಾಗಿ, ಬ್ಯಾಟರಿಯ ಮಿತಿಯೊಳಗೆ ದುಡಿಯುವ ಪೆಂಟಿಯಂ ಎಂ ಪ್ರೊಸೆಸರನ್ನು 2003ರಲ್ಲಿ ಸಿದ್ಧಪಡಿಸಿತ್ತು. ಅದರ 1.6 ಗಿಗಾಹರ್ಟ್ಸ್‌ನ ರೂಪ ಬಳಸುತ್ತಿದ್ದುದು ಸುಮಾರು 25 ವಾಟ್ ಮಾತ್ರ. ಆದರೂ ಗಿಗಾಹರ್ಟ್ಸ್ ಅಂಕಿಯಲ್ಲಿ ತನಗಿಂತ ಬಹಳ ಮುಂದಿದ್ದ ಪೆಂಟಿಯಂ 4ಗಳಿಗೆ ಅದು ಸರಿಸಮವಾಗಿ ನಿಂತಿತು. ಅದೇ ವಂಶದಲ್ಲಿ 2006ರಲ್ಲಿ ಹುಟ್ಟಿದ ಕೋರ್ 2 ಡ್ಯುಓ, 2.66 ಗಿಗಾಹರ್ಟ್ಸ್ ಮತ್ತು 65 ವಾಟ್‌ಗಳಲ್ಲಿ, 3.73 ಗಿಗಾಹರ್ಟ್ಸ್ ಮತ್ತು 130 ವಾಟ್‌ಗಳ ಹಳೆಯ ಪೆಂಟಿಯಂನ್ನು ಹಿಂದಿಕ್ಕಿತು. ಮಿತಿಯನ್ನು ಒಪ್ಪಿಕೊಂಡು ಕುಳಿತವರೇ ನಿಜವಾದ ವೇಗವನ್ನೂ ತಂದುಕೊಟ್ಟರು. ಮಿತಿಯು ಬುದ್ಧಿಯನ್ನು ಚುರುಕುಗೊಳಿಸುತ್ತದೆ, ಹೇರಳವು ಮಂದಗೊಳಿಸುತ್ತದೆ ಎಂಬುದಕ್ಕೆ ಇದಕ್ಕಿಂತ ಉತ್ತಮ ನಿದರ್ಶನ ಯಂತ್ರಲೋಕದಲ್ಲಿ ವಿರಳ.

ಈ ವಿದ್ಯೆ ದೂರದೇಶದ ಸೊತ್ತೇನೂ ಅಲ್ಲ. 2008ರಲ್ಲಿ ಬಿಡುಗಡೆಯಾದ ಆರು ಕೋರ್‌ಗಳ ಝಿಯಾನ್ 7400 ಸರಣಿಯ ಪ್ರೊಸೆಸರ್ ಬೆಂಗಳೂರಿನ ಎಂಜಿನಿಯರುಗಳ ಕೈಯಲ್ಲಿ ರೂಪುಗೊಂಡದ್ದು. ಆ ಸರಣಿಯ ಅತಿವೇಗದ ಮಾದರಿ 2.66 ಗಿಗಾಹರ್ಟ್ಸ್‌ಗೆ 130 ವಾಟ್ ಬೇಡುತ್ತಿತ್ತು. ಮಿತವ್ಯಯದ ಮಾದರಿ 2.13 ಗಿಗಾಹರ್ಟ್ಸ್‌ಗೆ 65 ವಾಟ್. ವೇಗದ ಐದು ಪಾಲಿನಲ್ಲಿ ಒಂದು ಪಾಲನ್ನು ಬಿಟ್ಟುಕೊಟ್ಟರೆ ವಿದ್ಯುತ್ತಿನಲ್ಲಿ ಅರ್ಧ ಉಳಿತಾಯ. ಗ್ರಾಹಕನ ಮುಂದೆ ಎರಡನ್ನೂ ಇಟ್ಟು, ಎರಡರ ಬೆಲೆಯನ್ನೂ ಬರೆದು ತೋರಿಸಿದ್ದು ನ್ಯಾಯವಾದ ಕ್ರಮವಾಗಿತ್ತು.

ಮರೆತ ಪಾಠ

ಒಮ್ಮೆ ಕಲಿತದ್ದನ್ನು ಉದ್ಯಮವು ಉಳಿಸಿಕೊಂಡಿದ್ದರೆ ಈ ಲೇಖನಕ್ಕೆ ಪ್ರಸಕ್ತಿಯೇ ಇರುತ್ತಿರಲಿಲ್ಲ. ಎ.ಎಂ.ಡಿ. ಸಂಸ್ಥೆಯು 2022ರ ಸೆಪ್ಟೆಂಬರಿನಲ್ಲಿ ರೈಜೆನ್ 9 7900ಎಕ್ಸ್ ಎಂಬ 12 ಕೋರ್‌ಗಳ ಪ್ರೊಸೆಸರನ್ನು ತಂದಿತು. ಅದರ ಮೇಲೆ ನಮೂದಾದ ಶಾಖಮಿತಿ 170 ವಾಟ್. ನಾಲ್ಕೇ ತಿಂಗಳ ಬಳಿಕ, 2023ರ ಜನವರಿಯಲ್ಲಿ, ಅದೇ ಸಂಸ್ಥೆ ಅದೇ 12 ಕೋರ್‌ಗಳ ರೈಜೆನ್ 9 7900 ಎಂಬುದನ್ನು ತಂದಿತು. ಇದರ ಶಾಖಮಿತಿ 65 ವಾಟ್. ಗರಿಷ್ಠ ವೇಗ ಮೊದಲನೆಯದಕ್ಕೆ 5.6, ಎರಡನೆಯದಕ್ಕೆ 5.4 ಗಿಗಾಹರ್ಟ್ಸ್. ಎಲ್ಲ ಕೋರ್‌ಗಳೂ ಒಟ್ಟಿಗೆ ದುಡಿಯುವಾಗ ಅಂತರ ಹೆಚ್ಚುತ್ತದೆ, ನಿಜ. ಸಂಸ್ಥೆಯೇ ಸೂಚಿಸಿರುವ ತಳವೇಗಗಳು 4.7 ಮತ್ತು 3.7 ಗಿಗಾಹರ್ಟ್ಸ್. ಹಾಗೆಂದುಕೊಂಡರೂ ವೇಗದ ಲಾಭ ಕಾಲುಪಾಲಿಗಿಂತ ತುಸು ಹೆಚ್ಚು, ವಿದ್ಯುತ್ತಿನ ಖರ್ಚು ಎರಡೂವರೆ ಪಟ್ಟು.

ಇಲ್ಲಿಯೂ ತೂಕದಲ್ಲಿ ಒಂದು ಕಪಟವಿದೆ. ನಮೂದಾದ 170 ವಾಟ್ ಮತ್ತು 65 ವಾಟ್ ಎಂಬುವು ಪ್ರೊಸೆಸರ್ ಎಳೆದುಕೊಳ್ಳಬಹುದಾದ ಗರಿಷ್ಠ ವಿದ್ಯುತ್ತಲ್ಲ. ನಿಜವಾದ ಮಿತಿಗಳು 230 ಮತ್ತು 88 ವಾಟ್. ಕೊಡುವಾಗ ಒಂದು ಬಟ್ಟು, ಕೊಳ್ಳುವಾಗ ಇನ್ನೊಂದು ಬಟ್ಟು ಇಟ್ಟುಕೊಂಡವನನ್ನು ಪೇಟೆಯಲ್ಲಿ ಏನೆಂದು ಕರೆಯುತ್ತಾರೆಂಬುದು ವಾಚಕರಿಗೆ ಗೊತ್ತು.

2023ರ ಅಕ್ಟೋಬರಿನಲ್ಲಿ ಇಂಟೆಲ್ ತಂದ ಕೋರ್ ಐ9-14900ಕೆ, 6 ಗಿಗಾಹರ್ಟ್ಸ್ ಮುಟ್ಟಿತೆಂದು ಡಂಗುರವಾಯಿತು. ಅದರ ಮೂಲಶಕ್ತಿ 125 ವಾಟ್, ಟರ್ಬೊ ಸ್ಥಿತಿಯಲ್ಲಿ 253 ವಾಟ್. ಅನೇಕ ಮದರ್‌ಬೋರ್ಡುಗಳು ಆ ಮಿತಿಯನ್ನೂ ಮೊದಲೇ ಸಡಿಲಿಸಿಕೊಂಡು ಬರುತ್ತಿದ್ದವು. ಫಲಿತಾಂಶವೇನು? 13 ಮತ್ತು 14ನೆಯ ಪೀಳಿಗೆಯ ಈ ಪ್ರೊಸೆಸರುಗಳಲ್ಲಿ ಹಲವು ನಡುವೆಯೇ ಕುಸಿಯುತ್ತಿವೆಯೆಂಬ ದೂರುಗಳು ಹೆಚ್ಚಿದವು. 2024ರ ಜುಲೈನಲ್ಲಿ ಸಂಸ್ಥೆಯೇ ಕಾರಣವನ್ನು ಒಪ್ಪಿಕೊಂಡಿತು: ಒಳಗಿನ ಸೂಚನಾಕ್ರಮದ ದೋಷದಿಂದ ಪ್ರೊಸೆಸರು ಅಗತ್ಯಕ್ಕೆ ಮೀರಿದ ವೋಲ್ಟೇಜನ್ನು ಬೇಡುತ್ತಿತ್ತು. ತಿದ್ದುಪಡಿ ಬಂತು, ಖಾತರಿಯ ಅವಧಿಯನ್ನು ಎರಡು ವರ್ಷ ಹೆಚ್ಚಿಸಲಾಯಿತು. ಆದರೆ ಈಗಾಗಲೇ ಕೆಟ್ಟ ಚಿಪ್ಪನ್ನು ತಿದ್ದುಪಡಿ ಸರಿಪಡಿಸುವುದಿಲ್ಲ. ಆ ಕಾಲಕ್ಕೆ ಸಂಸ್ಥೆಯ ಮುಖ್ಯಸ್ಥರಾಗಿದ್ದವರು 2001ರಲ್ಲಿ ಸೂರ್ಯನ ಮೇಲ್ಮೈಯ ಹೋಲಿಕೆ ಕೊಟ್ಟ ಅದೇ ಗೆಲ್ಸಿಂಗರ್. ತಿಳಿದವರೂ ಪಂದ್ಯದ ಸೆಳೆತಕ್ಕೆ ಸಿಕ್ಕರೆ ತಿಳಿವು ನಿಷ್ಫಲವಾಗುತ್ತದೆ.

ಸೂಚನಾಕ್ರಮದ ದೋಷ ಬೇರೆ, ವೇಗದ ಹಂಬಲ ಬೇರೆ ಎಂದು ಸಮರ್ಥಿಸುವವರುಂಟು. ಬಾವಿಯ ಕಟ್ಟೆಯ ತುದಿಯಲ್ಲಿ ಓಡುವವನು ಎಡವಿದಾಗ ಕಲ್ಲನ್ನು ಮಾತ್ರ ದೂಷಿಸಿದಂತೆ ಅದು. ಸಮತಟ್ಟಾದ ಅಂಗಳದಲ್ಲಿ ಎಡವಿದವನು ಎದ್ದು ನಿಲ್ಲುತ್ತಾನೆ. ತುದಿಯಲ್ಲಿ ಎಡವಿದವನಿಗೆ ಆ ಅವಕಾಶವಿಲ್ಲ. ವೋಲ್ಟೇಜಿನಲ್ಲಿ ಸಾಕಷ್ಟು ಅಂತರವನ್ನು ಉಳಿಸಿಕೊಂಡ ಯಂತ್ರಕ್ಕೆ ಸಣ್ಣ ದೋಷವು ಸಣ್ಣದಾಗಿಯೇ ಉಳಿಯುತ್ತದೆ.

ಪ್ರತಿವಾದಗಳ ಪರಿಶೀಲನೆ

ಅತಿವೇಗದ ಪಕ್ಷಪಾತಿಗಳು ಮುಂದಿಡುವ ವಾದಗಳು ಮುಖ್ಯವಾಗಿ ನಾಲ್ಕು.

ಮೊದಲನೆಯದು: ವೇಗದ ಯಂತ್ರ ಕೆಲಸವನ್ನು ಬೇಗ ಮುಗಿಸಿ ಬೇಗ ವಿಶ್ರಮಿಸುತ್ತದೆ, ಆದ್ದರಿಂದ ಒಟ್ಟು ವ್ಯಯ ಕಡಿಮೆ. ಈ ಮಾತಿನಲ್ಲಿ ಸತ್ಯಾಂಶವಿದೆ. ತೀರ ನಿಧಾನದ ಯಂತ್ರವು ಪರದೆ, ಮೆಮೊರಿ, ಡಿಸ್ಕುಗಳನ್ನು ಹೆಚ್ಚು ಹೊತ್ತು ಎಚ್ಚರವಿಟ್ಟು ಹಾನಿ ಮಾಡುತ್ತದೆ. ಆದರೆ ಒಂದು ಹದವನ್ನು ಮೀರಿದ ಮೇಲೆ ಈ ವಾದ ನಿಲ್ಲುವುದಿಲ್ಲ. ಮೇಲೆ ಹೇಳಿದ ಎರಡು ರೈಜೆನ್‌ಗಳನ್ನೇ ತಕ್ಕಡಿಗೆ ಹಾಕಿ ನೋಡಬಹುದು. ಉಳಿದ ಭಾಗಗಳಿಗೆಲ್ಲ ಸೇರಿ 60 ವಾಟ್ ಎಂದು ಹಿಡಿಯೋಣ. ವೇಗದ ಯಂತ್ರವು 290 ವಾಟ್‌ಗಳಂತೆ 8 ಗಂಟೆ ದುಡಿದರೆ 2.3 ಯೂನಿಟ್. ಅದೇ ಕೆಲಸಕ್ಕೆ ಮಿತವ್ಯಯದ ಯಂತ್ರವು, ತಳವೇಗದ ಪೂರ್ಣ ಅಂತರವನ್ನು ಅದರ ವಿರುದ್ಧವೇ ಹಿಡಿದರೂ, ಸುಮಾರು 10 ಗಂಟೆ 10 ನಿಮಿಷ ತೆಗೆದುಕೊಳ್ಳುತ್ತದೆ; 148 ವಾಟ್‌ಗಳಂತೆ 1.5 ಯೂನಿಟ್. ಬೇಗ ಮುಗಿಸಿದವನೇ ಹೆಚ್ಚು ಸುಟ್ಟನು.

ಎರಡನೆಯದು: ಇದು ಎಷ್ಟು ರೂಪಾಯಿಯ ಮಾತು? ಮೇಲಿನ ಅಂತರವನ್ನು 300 ದಿವಸಗಳಿಗೆ ಗುಣಿಸಿದರೆ ಸುಮಾರು 240 ಯೂನಿಟ್. ಯೂನಿಟ್ಟಿಗೆ ಎಂಟು ರೂಪಾಯಿಯಂತೆ ವರ್ಷಕ್ಕೆ ಎರಡು ಸಾವಿರದ ಆಸುಪಾಸು. ಅನುಕೂಲಸ್ಥರಿಗೆ ಇದು ದೊಡ್ಡ ಮೊತ್ತವಲ್ಲ. ಆದರೆ ವಿದ್ಯುತ್ತಿನ ನಿಜವಾದ ಬೆಲೆ ಬಿಲ್ಲಿನಲ್ಲಿ ಬರುವುದಿಲ್ಲ. ಭಾರತದ ವಿದ್ಯುತ್ತಿನ ಬಹುಪಾಲು ಇಂದಿಗೂ ಕಲ್ಲಿದ್ದಲಿನಿಂದ ಬರುತ್ತಿದೆ. ಒಂದು ಯೂನಿಟ್ಟಿಗೆ ಸರಾಸರಿ ಸುಮಾರು 0.7 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. 240 ಯೂನಿಟ್ಟೆಂದರೆ ಒಂದು ಮೇಜಿನ ಮೇಲಿನ ಒಂದು ಯಂತ್ರದಿಂದ ವರ್ಷಕ್ಕೆ ಒಂದೂವರೆ ಕ್ವಿಂಟಾಲಿಗೂ ಮೀರಿದ ಹೊಗೆ. ರಾಯಚೂರಿನ ಶಕ್ತಿನಗರದ ಸುತ್ತಮುತ್ತ ಹಾರುಬೂದಿಯನ್ನು ಉಸಿರಾಡುವವರು ಈ ಬಿಲ್ಲಿನ ಉಳಿದ ಭಾಗವನ್ನು ಕಟ್ಟುತ್ತಿದ್ದಾರೆ. ಬೆಲೆ ತೆರುವವನು ಬೇರೆ, ಸುಖ ಪಡುವವನು ಬೇರೆಯಾದಾಗ ಅಗ್ಗವೆಂಬ ಮಾತಿಗೆ ಅರ್ಥವಿಲ್ಲ.

ಮೂರನೆಯದು: ಇಂದು ಬೇಡದಿದ್ದರೂ ನಾಳೆಗೆ ಬೇಕಾದೀತು. ನಾಳೆಗೆಂದು ಇಂದೇ ಅತಿವೇಗವನ್ನು ಕೊಳ್ಳುವವರು ಮರೆಯುವುದೇನೆಂದರೆ, ಈ ಕ್ಷೇತ್ರದಲ್ಲಿ ಪ್ರತಿ ಪೀಳಿಗೆಯೂ ಹಿಂದಿನದರ ಕೆಲಸವನ್ನು ಕಡಿಮೆ ವಿದ್ಯುತ್ತಿನಲ್ಲಿ ಮಾಡಿ ತೋರಿಸುತ್ತದೆ. 2020ರಲ್ಲಿ ಆ್ಯಪಲ್ ಸಂಸ್ಥೆಯು ಎಂ1 ಪ್ರೊಸೆಸರಿನ ಮಡಿಲಗಣಕವೊಂದನ್ನು ಫ್ಯಾನೇ ಇಲ್ಲದೆ ತಂದಿತು. ನಿತ್ಯದ ಕೆಲಸಗಳಲ್ಲಿ ಅದು, ಅದಕ್ಕೆ ಮುಂಚಿನ ವರ್ಷಗಳಲ್ಲಿ ಜನರು ದುಬಾರಿ ಬೆಲೆಗೆ ಕೊಂಡಿದ್ದ ಅನೇಕ ಗದ್ದಲದ ಯಂತ್ರಗಳನ್ನು ನಾಚಿಸಿತು. ನಾಳೆಯ ಅಗತ್ಯಕ್ಕೆ ನಾಳೆಯ ಯಂತ್ರವೇ ಮಿತವ್ಯಯದ್ದು.

ನಾಲ್ಕನೆಯದು: ದೊಡ್ಡ ಶೀತಕ ಹಾಕಿದರೆ ಶಬ್ದವೂ ಇಲ್ಲ, ಶಾಖವೂ ಇಲ್ಲ. ಶಬ್ದ ಕಡಿಮೆಯಾದೀತು, ಶಾಖ ಎಲ್ಲಿಗೂ ಹೋಗುವುದಿಲ್ಲ. ಶೀತಕವೆಂಬುದು ಶಾಖವನ್ನು ಚಿಪ್ಪಿನಿಂದ ಎತ್ತಿ ಕೋಣೆಗೆ ಸುರಿಯುವ ಸಾಧನ ಮಾತ್ರ. ಸುಮ್ಮನೆ ಕುಳಿತ ಮನುಷ್ಯದೇಹವು ಸುಮಾರು 100 ವಾಟ್ ಶಾಖವನ್ನು ಹೊರಸೂಸುತ್ತದೆ. 250 ವಾಟ್‌ಗಳ ಪ್ರೊಸೆಸರನ್ನು ಪೂರ್ಣವೇಗದಲ್ಲಿ ಓಡಿಸುವುದೆಂದರೆ ಸಣ್ಣ ಕೋಣೆಯಲ್ಲಿ ಎರಡೂವರೆ ಜನರನ್ನು ಹೆಚ್ಚಾಗಿ ಕೂರಿಸಿದಂತೆ. ಅಲ್ಲಿ ಹವಾನಿಯಂತ್ರಕವಿದ್ದರೆ ಆ ಶಾಖವನ್ನು ಹೊರಗೆಸೆಯಲು ಮತ್ತೊಮ್ಮೆ ವಿದ್ಯುತ್ತು ತೆರಬೇಕು.

ಸುತ್ತಲಿನವರು ತೆರುವ ಸುಂಕ

ವೇಗದ ಲಾಭ ಕೀಲಿಮಣೆಯ ಮುಂದೆ ಕುಳಿತವನಿಗೆ; ಶಾಖ ಮತ್ತು ಶಬ್ದದ ಸುಂಕ ಕೋಣೆಯಲ್ಲಿರುವವರೆಲ್ಲರಿಗೆ. ಫ್ಯಾನಿನ ಗಣಿತವೂ ಪ್ರೊಸೆಸರಿನ ಗಣಿತದಂತೆಯೇ ನಿರ್ದಯವಾದದ್ದು. ಫ್ಯಾನಿನ ಸುತ್ತುವಿಕೆಯನ್ನು ಇಮ್ಮಡಿಗೊಳಿಸಿದರೆ ಗಾಳಿ ಇಮ್ಮಡಿಯಾಗುತ್ತದೆ, ಶಬ್ದವು ಸುಮಾರು 15 ಡೆಸಿಬೆಲ್ ಏರುತ್ತದೆ. ಕಿವಿಗೆ 10 ಡೆಸಿಬೆಲ್ ಏರಿಕೆಯೇ ಇಮ್ಮಡಿ ಗದ್ದಲವಾಗಿ ಕೇಳುತ್ತದೆ. ತರಗತಿಯ ಕೋಣೆಯಲ್ಲಿ ಹಿನ್ನೆಲೆಯ ಶಬ್ದ 35 ಡೆಸಿಬೆಲ್ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯು 1999ರ ಮಾರ್ಗಸೂಚಿಯಲ್ಲಿ ಹೇಳಿದೆ. ಮಕ್ಕಳು ಓದುವ ಮೇಜಿನ ಮೇಲೆಯೇ ಭೋರ್ಗರೆಯುವ ಪೆಟ್ಟಿಗೆಯನ್ನಿಟ್ಟು ಏಕಾಗ್ರತೆಯನ್ನು ನಿರೀಕ್ಷಿಸುವುದು ಎಂತಹ ನ್ಯಾಯ?

ಉತ್ತರ ಕರ್ನಾಟಕದ ಬೇಸಿಗೆಯನ್ನು ಕಂಡವರಿಗೆ ಮತ್ತೊಂದು ಲೆಕ್ಕವಿದೆ. ಪ್ರತಿ ವಾಟ್‌ಗೆ ಚಿಪ್ಪಿನ ಉಷ್ಣತೆಯನ್ನು ಕೋಣೆಗಿಂತ ಕಾಲು ಡಿಗ್ರಿ ಏರಗೊಡುವ ಶೀತಕವಿದೆಯೆನ್ನೋಣ. 200 ವಾಟ್‌ಗೆ 50 ಡಿಗ್ರಿ ಏರಿಕೆ. 25 ಡಿಗ್ರಿಯ ಪರೀಕ್ಷಾಕೋಣೆಯಲ್ಲಿ ಚಿಪ್ಪು 75 ಡಿಗ್ರಿಯಲ್ಲಿ ಸುಖವಾಗಿರುತ್ತದೆ. ಕಲಬುರಗಿಯ ಮೇ ತಿಂಗಳ 42 ಡಿಗ್ರಿಯ ಕೋಣೆಯಲ್ಲಿ ಅದೇ ಚಿಪ್ಪು 92 ಡಿಗ್ರಿ. ಆಗ ಯಂತ್ರವೇ ತನ್ನನ್ನು ರಕ್ಷಿಸಿಕೊಳ್ಳಲು ವೇಗವನ್ನು ತಗ್ಗಿಸುವ ಸ್ಥಿತಿ ಸಮೀಪಿಸುತ್ತದೆ. ಹಣ ಕೊಟ್ಟು ಕೊಂಡ ವೇಗ ಬೇಕಾದ ಋತುವಿನಲ್ಲಿ ದೊರೆಯುವುದಿಲ್ಲ, ಗದ್ದಲ ಮಾತ್ರ ದೊರೆಯುತ್ತದೆ. 88 ವಾಟ್‌ಗಳ ಯಂತ್ರ ಅದೇ ಕೋಣೆಯಲ್ಲಿ 64 ಡಿಗ್ರಿಯಲ್ಲಿ ನೆಮ್ಮದಿಯಾಗಿರುತ್ತದೆ. ಯಂತ್ರದೊಳಗಿನ ಕೆಪಾಸಿಟರುಗಳು ಪ್ರತಿ 10 ಡಿಗ್ರಿ ಇಳಿಕೆಗೆ ಸುಮಾರು ಇಮ್ಮಡಿ ಆಯುಷ್ಯ ಪಡೆಯುತ್ತವೆಂಬುದು ಎಲೆಕ್ಟ್ರಾನಿಕ್ಸ್ ವಿದ್ಯೆಯ ಹಳೆಯ ನಿಯಮ. ತಂಪಾಗಿ ದುಡಿಯುವ ಯಂತ್ರ ತಡವಾಗಿ ಕಸವಾಗುತ್ತದೆ. ವಿದ್ಯುತ್ ಕಡಿತವಾದಾಗ ಯು.ಪಿ.ಎಸ್.ನ ಅದೇ ಬ್ಯಾಟರಿಯಲ್ಲಿ ಅದು ಹೆಚ್ಚು ಹೊತ್ತು ನಿಲ್ಲುತ್ತದೆಂಬುದು ಇನ್ನೊಂದು ಅನುಕೂಲ.

ಪ್ರಯೋಜನವೇ ಅಳತೆಗೋಲು

ಹಾಗಾದರೆ ಎಷ್ಟು ವೇಗ ಸರಿ? ಶ್ರಾವಕರಿಗೆ ಈ ಪ್ರಶ್ನೆ ಹೊಸದಲ್ಲ. ಪ್ರಯೋಜನಕ್ಕಾಗಿ ಆಗುವ ಅನಿವಾರ್ಯ ಹಾನಿ ಬೇರೆ, ಪ್ರಯೋಜನವಿಲ್ಲದೆ ಆಗುವ ಹಾನಿ ಬೇರೆ ಎಂಬ ವಿವೇಕಕ್ಕೆ ಅನರ್ಥದಂಡವೆಂಬ ಹೆಸರೇ ಅವರ ಪರಂಪರೆಯಲ್ಲಿದೆ. ಯಂತ್ರದ ವಿಷಯದಲ್ಲಿಯೂ ಗೆರೆ ಎಳೆಯಬೇಕಾದದ್ದು ಅಲ್ಲಿಯೇ. ಜೀರ್ಣವಾದ ತಾಳೆಗರಿ ಪ್ರತಿಗಳ ಸಾವಿರಾರು ಛಾಯಾಚಿತ್ರಗಳನ್ನು ಸಂಸ್ಕರಿಸುವ ಕಾರ್ಯಕ್ಕೆ, ಆಸ್ಪತ್ರೆಯ ಸ್ಕ್ಯಾನ್ ಯಂತ್ರದ ಚಿತ್ರಗಳನ್ನು ಜೋಡಿಸುವ ಕಾರ್ಯಕ್ಕೆ, ಹವಾಮಾನದ ಮುನ್ಸೂಚನೆಗೆ ಪ್ರಬಲ ಯಂತ್ರ ಬೇಕು. ಅಲ್ಲಿ ಸುಡುವ ವಿದ್ಯುತ್ತಿಗೆ ಅರ್ಥವಿದೆ. ಆದರೆ ಕಾಣಿಕೆಯ ರಸೀದಿ ಬರೆಯಲು, ಅಂಗಡಿಯ ಲೆಕ್ಕ ಇಡಲು, ಪತ್ರ ಟೈಪು ಮಾಡಲು 6 ಗಿಗಾಹರ್ಟ್ಸ್ ಏಕೆ? ಇಂತಹ ಕೆಲಸಗಳಲ್ಲಿ ಪ್ರೊಸೆಸರು ಬಹುಪಾಲು ಸಮಯ ಮನುಷ್ಯನ ಬೆರಳಿಗಾಗಿ ಕಾಯುತ್ತಿರುತ್ತದೆ. ಕಾಯುವ ಕೆಲಸವನ್ನು 15 ವಾಟ್‌ಗಳ ಯಂತ್ರವೂ ಅಷ್ಟೇ ಸಮರ್ಥವಾಗಿ ಮಾಡಬಲ್ಲದು.

ಪ್ರಬಲ ಯಂತ್ರ ನಿಜವಾಗಿಯೂ ಬೇಕಾದಲ್ಲಿ ಸಹ ಕೊನೆಯ ಮೆಟ್ಟಿಲನ್ನು ಏರಬೇಕಾಗಿಲ್ಲ. ರೈಜೆನ್ ಪ್ರೊಸೆಸರುಗಳಲ್ಲಿ ಇಕೋ ಮೋಡ್ ಎಂಬ ವ್ಯವಸ್ಥೆಯಿದೆ. ಇಂಟೆಲ್ ಪ್ರೊಸೆಸರುಗಳಿಗೆ ಮದರ್‌ಬೋರ್ಡಿನ ವಿನ್ಯಾಸದಲ್ಲಿ ವಿದ್ಯುತ್ ಮಿತಿಯನ್ನು ನಮೂದಿಸಬಹುದು. ವಿಂಡೋಸ್ ವ್ಯವಸ್ಥೆಯಲ್ಲಿ ಪ್ರೊಸೆಸರಿನ ಗರಿಷ್ಠ ಸ್ಥಿತಿಯನ್ನು ಶೇಕಡಾ 99 ಎಂದು ಬರೆದರೆ ಸಾಮಾನ್ಯವಾಗಿ ಟರ್ಬೊ ಓಟವೇ ನಿಲ್ಲುತ್ತದೆ. ಇವು ಯಾವುದಕ್ಕೂ ಒಂದು ಪೈಸೆ ಖರ್ಚಿಲ್ಲ. ಹದವನ್ನು ಬಲ್ಲ ತಯಾರಕರು ಹದದ ಗುಂಡಿಯನ್ನೂ ಇಟ್ಟಿದ್ದಾರೆ, ಆದರೆ ಅದನ್ನು ಯಾರೂ ಹುಡುಕದ ಕಡೆ ಇಟ್ಟಿದ್ದಾರೆ. ಪಂದ್ಯದ ಕೋಷ್ಟಕದಲ್ಲಿ ಪ್ರತಿಸ್ಪರ್ಧಿಗಿಂತ ಒಂದು ಗೆರೆ ಮುಂದೆ ನಿಲ್ಲುವ ಸಲುವಾಗಿ, ಪೆಟ್ಟಿಗೆ ತೆರೆದ ಕ್ಷಣದಿಂದಲೇ ಯಂತ್ರವನ್ನು ತುದಿಯಲ್ಲಿ ಓಡಿಸುತ್ತಾರೆ. ಸಂಯಮವನ್ನು ಆಯ್ಕೆಯೆಂದೂ ಅತಿರೇಕವನ್ನು ವಾಡಿಕೆಯೆಂದೂ ಮಾಡಿಟ್ಟಿರುವುದೇ ಖಂಡನೀಯ. ಇದಕ್ಕೆ ವಿಪರ್ಯಯವಾಗಬೇಕು: ಯಂತ್ರವು ಮಿತಿಯೊಳಗೆ ಬರಲಿ, ಅತಿವೇಗ ಬೇಕಾದವನು ಹುಡುಕಿ ಗುಂಡಿ ಒತ್ತಲಿ.

ಇದು ತಯಾರಕರ ಸದ್ಬುದ್ಧಿಯಿಂದ ಮಾತ್ರ ಆಗುವುದಲ್ಲ, ಕೊಳ್ಳುವವರ ಪ್ರಶ್ನೆಯಿಂದ ಆಗಬೇಕು. ಫ್ರಿಜ್ಜು, ಹವಾನಿಯಂತ್ರಕ, ಸೀಲಿಂಗ್ ಫ್ಯಾನು ಕೊಳ್ಳುವಾಗ ನಕ್ಷತ್ರಚಿಹ್ನೆಗಳನ್ನು ಎಣಿಸುವ ಗೃಹಸ್ಥರು ಪ್ರೊಸೆಸರಿನ ವಿಷಯದಲ್ಲಿ ಮೂಕರಾಗುವುದೇಕೆ? ದೇವಾಲಯದ ಟ್ರಸ್ಟುಗಳು, ವಿದ್ಯಾಸಂಸ್ಥೆಗಳು, ಛಾತ್ರಾಲಯಗಳು ಒಮ್ಮೆಗೆ ಹತ್ತಾರು ಗಣಕಯಂತ್ರಗಳನ್ನು ಕೊಳ್ಳುತ್ತವೆ. ಅವು ಕರೆಯುವ ಕೊಟೇಶನ್‌ಗಳಲ್ಲಿ ಮೂರು ಸಾಲುಗಳನ್ನು ಸೇರಿಸಲಿ: ಪೂರ್ಣಭಾರದಲ್ಲಿ ಇಡೀ ಯಂತ್ರ ಎಳೆಯುವ ವಾಟ್ ಎಷ್ಟು, ಸುಮ್ಮನಿರುವಾಗ ಎಷ್ಟು, ಪೂರ್ಣಭಾರದಲ್ಲಿ ಶಬ್ದ ಎಷ್ಟು ಡೆಸಿಬೆಲ್. ಉತ್ತರ ಕೊಡಲಾರದ ಮಾರಾಟಗಾರನಿಂದ ಕೊಳ್ಳುವುದಿಲ್ಲವೆಂದು ಠರಾವು ಮಾಡಲಿ. ಈಗಾಗಲೇ ಕೊಂಡಿರುವ ಯಂತ್ರಗಳಲ್ಲಿ ವಿದ್ಯುತ್ ಮಿತಿಯನ್ನು ನಮೂದಿಸಿ, ಒಂದು ತಿಂಗಳು ನಡೆಸಿ, ಬಳಸುವವರಿಗೆ ವ್ಯತ್ಯಾಸ ತಿಳಿಯಿತೇ ಎಂದು ಕೇಳಲಿ. ತಿಳಿಯಿತೆಂದವರ ಯಂತ್ರಕ್ಕೆ ಮಾತ್ರ ಮಿತಿಯನ್ನು ಸಡಿಲಿಸಲಿ.

ಒಂದು ಟ್ರಸ್ಟಿನ ಆಡಳಿತ ಮಂಡಳಿಯ ಮುಂದಿನ ಸಭೆಯಲ್ಲಿ ಇದಕ್ಕೆ ತಗಲುವುದು ಹತ್ತು ನಿಮಿಷ. ಖರ್ಚಿನ ಪುಟದ ಮೇಲಿಂದ ಅಂಗೈಯನ್ನು ತೆಗೆಯುವುದಕ್ಕೆ ಅಷ್ಟು ಸಾಕು.